ಏಜೆಂಟ್ ಕೈಗೆ ವೆಬ್‌ಸೈಟ್ ಕೊಡುವ ಮುನ್ನ: ಟೂಲ್ ವಿವರಣೆಯಲ್ಲಿ ಏನಿರಬೇಕು

"ಪೋಸ್ಟ್ ಅಪ್‌ಡೇಟ್ ಮಾಡುತ್ತದೆ." ವರ್ಡ್‌ಪ್ರೆಸ್ ಸೈಟಿಗೆ ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐ) ಜೋಡಿಸುವಾಗ ಬರೆಯುವ ಟೂಲ್ (ಏಜೆಂಟ್ ಕರೆದು ಬಳಸುವ ಒಂದೊಂದು ಸೌಲಭ್ಯ) ವಿವರಣೆಗಳು ಬಹಳಷ್ಟು ಸಲ ಇಷ್ಟಕ್ಕೇ ಮುಗಿದುಹೋಗುತ್ತವೆ. ಟೂಲಿನ ಹೆಸರೇ 'ಅಪ್‌ಡೇಟ್ ಪೋಸ್ಟ್' ಆಗಿರುವಾಗ ಈ ವಾಕ್ಯ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಏಜೆಂಟಿಗೆ ಬೇಕಾದದ್ದು ಬೇರೆ. ಕಳುಹಿಸದೆ ಬಿಟ್ಟ ಫೀಲ್ಡ್ ಹಾಗೇ ಉಳಿಯುತ್ತದೆಯೋ, ಖಾಲಿಯಾಗುತ್ತದೆಯೋ? ಟ್ಯಾಗ್ ಕೊಟ್ಟರೆ ಹಳೆಯವುಗಳ ಜೊತೆ ಸೇರುತ್ತದೆಯೋ, ಹಳೆಯವನ್ನು ಓಡಿಸಿ ತಾನು ಕೂರುತ್ತದೆಯೋ? ಪ್ರಕಟವಾದ ಪೋಸ್ಟನ್ನು ತಿದ್ದಿದರೆ ಓದುಗರಿಗೆ ಆ ಕ್ಷಣವೇ ಕಾಣುತ್ತದೆಯೋ? ಎಡವಟ್ಟಾದರೆ ಹಿಂದಕ್ಕೆ ಹೋಗಲು ದಾರಿ ಇದೆಯೋ?

ಅಡ್ಮಿನ್ ಪುಟದ ಮುಂದೆ ಕೂತ ಮನುಷ್ಯನಿಗೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಬಟನ್ ಮೇಲೆ 'ಪ್ರಕಟಿಸಿ' ಎಂದಿರುತ್ತದೆ, ಅಳಿಸಿದರೆ 'ರದ್ದುಮಾಡಿ' ಎಂಬ ಲಿಂಕ್ ಬರುತ್ತದೆ. ಏಜೆಂಟಿಗೆ ಕರೆಯ ಮುನ್ನ ಸಿಗುವುದು ಮೂರೇ ಸಂಗತಿ: ಟೂಲಿನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ಪಟ್ಟಿ). ಕರೆಯ ನಂತರ ಸಿಗುವುದು ಉತ್ತರ ಅಥವಾ ಎರರ್. ಈ ನಾಲ್ಕರಲ್ಲಿ ಇಲ್ಲದ್ದನ್ನು ಅದು ಊಹಿಸುತ್ತದೆ, ಅದೂ ಪೂರ್ಣ ಆತ್ಮವಿಶ್ವಾಸದಿಂದ. ಆದ್ದರಿಂದ ವಿವರಣೆಯಲ್ಲಿ ಟೂಲ್ ಏನು ಮಾಡುತ್ತದೆ ಎಂಬುದಕ್ಕೆ ಒಂದು ವಾಕ್ಯ ಸಾಕು. ಮಿಕ್ಕ ಜಾಗ, ಮಾಡಿದ ಮೇಲೆ ಸೈಟ್ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದಕ್ಕೆ ಮೀಸಲಾಗಲಿ.

ಇಲ್ಲಿ ವರ್ಡ್‌ಪ್ರೆಸ್ ಉದಾಹರಣೆಯನ್ನೇ ಹಿಡಿಯುತ್ತೇನೆ. ಅದರ ರೆಸ್ಟ್ ಎಪಿಐ (ಹೊರಗಿನ ಪ್ರೋಗ್ರಾಂಗಳು ಸೈಟಿನ ಪೋಸ್ಟ್ ಓದಿ ಬರೆಯುವ ದಾರಿ) 2016ರ ಡಿಸೆಂಬರ್‌ನಲ್ಲಿ 4.7ನೇ ಆವೃತ್ತಿಯಿಂದ ಕೋರ್‌ನಲ್ಲೇ ಇದೆ. ಏಜೆಂಟ್‌ಗಳಿಗೆ ಟೂಲ್ ಒದಗಿಸುವ ಎಂಸಿಪಿ ಎಂಬ ಪ್ರೋಟೊಕಾಲ್ ಅನ್ನು ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದಿತು. 2025ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.9ರಲ್ಲಿ ಅಬಿಲಿಟೀಸ್ ಎಪಿಐ ಸೇರಿತು. ಪ್ಲಗಿನ್ ಬರೆಯುವವರು ತಮ್ಮ ಕೆಲಸಗಳನ್ನು ವಿವರಣೆ, ಸ್ಕೀಮಾ, ಅನುಮತಿ ಪರೀಕ್ಷೆ ಸಮೇತ ಅಲ್ಲಿ ನೋಂದಾಯಿಸಬಹುದು. ರೆಸ್ಟ್ ಎಪಿಐ ಮೇಲೆ ತೆಳುವಾದ ಪದರ ಹಾಕಿ ಅದನ್ನೇ ಟೂಲ್ ಎಂದು ಕೊಡುವವರೇ ಹೆಚ್ಚು. ತೊಂದರೆ ಶುರುವಾಗುವುದೂ ಅಲ್ಲಿಂದಲೇ, ಏಕೆಂದರೆ ಆ ಎಪಿಐ ಬರೆದದ್ದು ದಾಖಲೆ ಓದಿ ಕೋಡ್ ಬರೆಯುವ ಮನುಷ್ಯರಿಗಾಗಿ.

ಓದಿ, ತಿದ್ದಿ, ಮರಳಿ ಬರೆಯುವುದು

ಅತಿ ಹೆಚ್ಚು ಹಾನಿ ಮಾಡುವುದು ಈ ಸರಳ ಕೆಲಸವೇ. ರೆಸ್ಟ್ ಎಪಿಐಯಲ್ಲಿ ಪೋಸ್ಟ್ ಕೇಳಿದರೆ ಸಾಮಾನ್ಯವಾಗಿ ಬರುವುದು ಅದರ ರೆಂಡರ್ಡ್ ರೂಪ, ಅಂದರೆ ಓದುಗರ ಬ್ರೌಸರಿಗೆ ಹೋಗುವ ಎಚ್‌ಟಿಎಂಎಲ್. ಅದರಲ್ಲಿ ಶಾರ್ಟ್‌ಕೋಡ್‌ಗಳು (ಗ್ಯಾಲರಿಯಂಥವನ್ನು ಕರೆತರುವ ಚುಟುಕು ಸಂಕೇತಗಳು) ಬಿಚ್ಚಿಕೊಂಡಿರುತ್ತವೆ, ಬ್ಲಾಕ್ ಎಡಿಟರ್ ಪ್ರತಿ ಬ್ಲಾಕಿನ ಸುತ್ತ ಇಡುವ ಕಾಮೆಂಟ್ ಗುರುತುಗಳು ಉದುರಿರುತ್ತವೆ. ಏಜೆಂಟ್ ಅದನ್ನೇ ಓದಿ, ಒಂದು ಅಕ್ಷರದೋಷ ಸರಿಪಡಿಸಿ, ಇಡೀ ಪಠ್ಯವನ್ನು ಮರಳಿ ಕಳುಹಿಸುತ್ತದೆ. ಸೈಟಿನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಿಂಗಳ ನಂತರ ಯಾರೋ ಆ ಪೋಸ್ಟನ್ನು ಎಡಿಟರ್‌ನಲ್ಲಿ ತೆರೆದಾಗ ಇಡೀ ಲೇಖನ ಒಂದೇ ಕ್ಲಾಸಿಕ್ ಬ್ಲಾಕಾಗಿ ಕೂತಿರುತ್ತದೆ. ಗ್ಯಾಲರಿ ಇದ್ದ ಜಾಗದಲ್ಲಿ ಹೆಪ್ಪುಗಟ್ಟಿದ ಎಚ್‌ಟಿಎಂಎಲ್ ಇರುತ್ತದೆ. ಎರರ್ ಒಂದೂ ಬಂದಿರುವುದಿಲ್ಲ.

ಮೂಲ ಪಠ್ಯ ಬೇಕಿದ್ದರೆ ಕರೆಯ ಜೊತೆ ಕೊಡುವ 'ಕಾಂಟೆಕ್ಸ್ಟ್' ಎಂಬ ಪ್ಯಾರಾಮೀಟರಿಗೆ 'ಎಡಿಟ್' ಎಂಬ ಬೆಲೆ (ವ್ಯಾಲ್ಯೂ) ಕೊಟ್ಟು ಕೇಳಬೇಕು, ಆಗ 'ರಾ' ಎಂಬ ಫೀಲ್ಡ್ ಬರುತ್ತದೆ. ಇದನ್ನು ಏಜೆಂಟಿನ ನೆನಪಿಗೆ ಬಿಡಬೇಡಿ. ಓದುವ ಟೂಲನ್ನು ಎರಡು ಮಾಡಿ: ಒಂದು ಸಾರಾಂಶ ಹೇಳಲು, ಹುಡುಕಲು, ಇನ್ನೊಂದು 'ಗೆಟ್ ಪೋಸ್ಟ್ ಫಾರ್ ಎಡಿಟ್', ಮೂಲ ಪಠ್ಯವನ್ನು ಮಾತ್ರ ಕೊಡುವಂಥದ್ದು. ಮೊದಲನೆಯದರ ವಿವರಣೆಯಲ್ಲಿ "ಇಲ್ಲಿ ಬರುವ ಪಠ್ಯವನ್ನು ಮರಳಿ ಬರೆಯಲು ಬಳಸಬಾರದು, ಬ್ಲಾಕ್ ರಚನೆ ಹಾಳಾಗುತ್ತದೆ" ಎಂಬ ಸಾಲಿರಲಿ. ಕಾರಣ ಹೇಳುವ ಆ ಅರ್ಧ ವಾಕ್ಯವನ್ನು ಬಿಟ್ಟು ಜಾಗ ಉಳಿಸಲು ಹೋಗಬೇಡಿ. ಬರೀ 'ಬಳಸಬಾರದು' ಎಂದರೆ ಏಜೆಂಟ್ ಅದನ್ನು ಆ ಒಂದು ಸಂದರ್ಭಕ್ಕೆ ಮಾತ್ರ ಅನ್ವಯಿಸುತ್ತದೆ. ಕಾರಣ ಗೊತ್ತಿದ್ದರೆ ನೀವು ಯೋಚಿಸದ ಸಂದರ್ಭದಲ್ಲೂ, ಉದಾಹರಣೆಗೆ ಒಂದು ಪೋಸ್ಟಿನ ಭಾಗವನ್ನು ಇನ್ನೊಂದಕ್ಕೆ ನಕಲು ಮಾಡುವಾಗ, ಸರಿಯಾದ ಟೂಲ್ ಹಿಡಿಯುವ ಸಾಧ್ಯತೆ ಹೆಚ್ಚು.

ಟ್ಯಾಗ್ ಮತ್ತು ವರ್ಗಗಳದ್ದು ಇನ್ನೊಂದು ಬಲೆ. ಎಪಿಐಗೆ ಹೆಸರು ಬೇಡ, ಐಡಿ ಸಂಖ್ಯೆಗಳು ಬೇಕು. ಕಳುಹಿಸಿದ ಪಟ್ಟಿ ಹಳೆಯ ಪಟ್ಟಿಯ ಜಾಗಕ್ಕೆ ಬಂದು ಕೂರುತ್ತದೆ. "ಈ ಲೇಖನಕ್ಕೆ ಕೃಷಿ ಟ್ಯಾಗ್ ಸೇರಿಸು" ಎಂದರೆ ಏಜೆಂಟ್ ಆ ಒಂದೇ ಐಡಿ ಕಳುಹಿಸುತ್ತದೆ, ಮೊದಲಿದ್ದ ಆರು ಟ್ಯಾಗ್ ಹೋಗುತ್ತವೆ. ಇದನ್ನು ವಿವರಣೆಯಲ್ಲಿ ಎಚ್ಚರಿಸುವುದಕ್ಕಿಂತ ಪ್ಯಾರಾಮೀಟರನ್ನೇ ಬದಲಿಸುವುದು ಲೇಸು: 'ಸೇರಿಸಬೇಕಾದ ಟ್ಯಾಗ್‌ಗಳು', 'ತೆಗೆಯಬೇಕಾದ ಟ್ಯಾಗ್‌ಗಳು' ಎಂದು ಎರಡು ಪಟ್ಟಿ, ಎರಡರಲ್ಲೂ ಹೆಸರುಗಳು. ಹೆಸರಿನಿಂದ ಐಡಿ ಹುಡುಕುವ ಕೆಲಸ ನಿಮ್ಮ ಕೋಡ್ ಮಾಡಲಿ. ಒಂದು ವಿವರಣೆಯಲ್ಲಿ ಎಚ್ಚರಿಕೆಗಳು ಮೂರು ದಾಟಿದವೆಂದರೆ, ಟೂಲಿನ ವಿನ್ಯಾಸದಲ್ಲೇ ಏನೋ ವಕ್ರವಿದೆ ಎಂದುಕೊಳ್ಳಿ.

ಇಷ್ಟಾದ ಮೇಲೆ 'ಅಪ್‌ಡೇಟ್ ಪೋಸ್ಟ್' ವಿವರಣೆ ಹೀಗಾಗಬಹುದು (ಸ್ಲಗ್ ಎಂದರೆ ಪೋಸ್ಟಿನ ವೆಬ್ ವಿಳಾಸದ ಕೊನೆಯ ಭಾಗ, ರಿವಿಷನ್ ಎಂದರೆ ವರ್ಡ್‌ಪ್ರೆಸ್ ಕಾದಿಡುವ ಹಳೆಯ ಪ್ರತಿ):

"ಈಗಾಗಲೇ ಇರುವ ಒಂದು ಪೋಸ್ಟಿನ ಶೀರ್ಷಿಕೆ, ಪಠ್ಯ, ಸಾರಾಂಶ ಅಥವಾ ಸ್ಲಗ್ ಬದಲಿಸುತ್ತದೆ. ಕಳುಹಿಸದ ಫೀಲ್ಡ್‌ಗಳು ಹಾಗೇ ಉಳಿಯುತ್ತವೆ. ಪೋಸ್ಟ್ ಪ್ರಕಟವಾಗಿದ್ದರೆ ಬದಲಾವಣೆ ನೇರವಾಗಿ ಸಾರ್ವಜನಿಕ ಪುಟಕ್ಕೆ ಹೋಗುತ್ತದೆ, ನಡುವೆ ಡ್ರಾಫ್ಟ್ ಹಂತವಿಲ್ಲ. ಪಠ್ಯ ಬದಲಿಸುವ ಮುನ್ನ 'ಗೆಟ್ ಪೋಸ್ಟ್ ಫಾರ್ ಎಡಿಟ್' ಕರೆದು ಅದು ಕೊಟ್ಟ ಮೂಲದ ಮೇಲೆಯೇ ತಿದ್ದಬೇಕು. ಬ್ಲಾಕ್ ಕಾಮೆಂಟ್ ಸಾಲುಗಳು ಹಾಗೇ ಇರಬೇಕು. ಶೀರ್ಷಿಕೆ, ಪಠ್ಯ, ಸಾರಾಂಶಗಳ ಹಳೆಯ ರೂಪ ರಿವಿಷನ್‌ನಲ್ಲಿ ಉಳಿಯುತ್ತದೆ, ಸ್ಲಗ್ ಉಳಿಯುವುದಿಲ್ಲ. ಪ್ರಕಟಿಸಲು 'ಪಬ್ಲಿಷ್ ಪೋಸ್ಟ್', ಟ್ಯಾಗ್ ಬದಲಿಸಲು 'ಚೇಂಜ್ ಟ್ಯಾಗ್ಸ್' ಬಳಸಿ."

ಏಳು ವಾಕ್ಯ. ಕೊನೆಯದು ಅನೇಕರು ಬಿಟ್ಟುಬಿಡುವಂಥದ್ದು: ಯಾವುದಕ್ಕೆ ಈ ಟೂಲ್ ಅಲ್ಲ, ಅದಕ್ಕೆ ಯಾವುದು. ಹೋಲುವ ಟೂಲ್‌ಗಳು ಎರಡಿದ್ದಲ್ಲೆಲ್ಲ ಈ ವಾಕ್ಯ ಎರಡೂ ಕಡೆ ಬೇಕು. ಸ್ಲಗ್ ವಿಷಯದಲ್ಲಿ ಪ್ಯಾರಾಮೀಟರಿನ ವಿವರಣೆಗೆ ಇನ್ನೊಂದು ಮಾತು ಸೇರಿಸಬಹುದು. ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಿಸಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ ವರ್ಡ್‌ಪ್ರೆಸ್ ತಾನೇ ದಾರಿ ತೋರಿಸುತ್ತದೆ. ಪೇಜ್‌ಗಳಿಗೆ ಆ ಸೌಲಭ್ಯವಿಲ್ಲ. 'ಸಂಪರ್ಕಿಸಿ' ಪೇಜಿನ ಸ್ಲಗ್ ಬದಲಾದರೆ ಹಳೆಯ ಲಿಂಕ್ ಮುರಿದುಬೀಳಬಹುದು.

ಹುಡುಕಾಟ ಸುಳ್ಳು ಹೇಳುವ ಬಗೆ

ಪಟ್ಟಿ ಕೇಳಿದರೆ ಎಪಿಐ ಕೊಡುವುದು ತಾನಾಗಿ 10, ಕೇಳಿದರೆ ಗರಿಷ್ಠ 100. ಒಟ್ಟು ಎಷ್ಟಿವೆ ಎಂಬ ಲೆಕ್ಕ ಬರುವುದು ಎಚ್‌ಟಿಟಿಪಿ ಹೆಡರ್‌ನಲ್ಲಿ. ಅದು ಉತ್ತರದ ಮುಖ್ಯ ಭಾಗವಾದ ಬಾಡಿಗಿಂತ ಬೇರೆ. ನಿಮ್ಮ ಪದರ ಬಾಡಿ ಮಾತ್ರ ದಾಟಿಸುತ್ತಿದ್ದರೆ ಏಜೆಂಟಿಗೆ ಹತ್ತೇ ಪೋಸ್ಟ್ ಕಾಣುತ್ತವೆ, "ನಿಮ್ಮ ಸೈಟಿನಲ್ಲಿ 10 ಲೇಖನಗಳಿವೆ" ಎಂದು ಅದು ವರದಿ ಒಪ್ಪಿಸುತ್ತದೆ. ಉತ್ತರದ ಒಳಗೇ 'ಒಟ್ಟು 340ರಲ್ಲಿ 1ರಿಂದ 10. ಮುಂದಿನದಕ್ಕೆ ಪುಟ 2 ಕೇಳಿ' ಎಂಬ ಸಾಲು ಹಾಕಿ.

ಇದಕ್ಕಿಂತ ಕೆಟ್ಟದ್ದು ಸ್ಟೇಟಸ್. ಏನೂ ಹೇಳದಿದ್ದರೆ ಪ್ರಕಟವಾದವು ಮಾತ್ರ ಬರುತ್ತವೆ. "ದಸರಾ ಲೇಖನದ ಡ್ರಾಫ್ಟ್ ಮುಗಿಸು" ಎಂದರೆ ಏಜೆಂಟ್ ಹುಡುಕುತ್ತದೆ, ಸಿಗುವುದಿಲ್ಲ, ಹೊಸದಾಗಿ ಒಂದನ್ನು ಬರೆಯುತ್ತದೆ. ಈಗ ಎರಡು ಡ್ರಾಫ್ಟ್. ಹುಡುಕುವ ಟೂಲಿನಲ್ಲಿ ಸ್ಟೇಟಸನ್ನು ಕಡ್ಡಾಯ ಪ್ಯಾರಾಮೀಟರ್ ಮಾಡಿ, ಬೆಲೆಗಳನ್ನು ಈನಮ್ (ಇವುಗಳಲ್ಲೇ ಒಂದನ್ನು ಆರಿಸಬೇಕೆಂಬ ಪಟ್ಟಿ) ಆಗಿ ಪಟ್ಟಿಮಾಡಿ: ಪಬ್ಲಿಷ್, ಫ್ಯೂಚರ್, ಡ್ರಾಫ್ಟ್, ಪೆಂಡಿಂಗ್, ಪ್ರೈವೇಟ್, ಜೊತೆಗೆ 'ಎನಿ'. ಫ್ಯೂಚರ್ ಎಂದರೆ ಸಮಯ ಗೊತ್ತುಮಾಡಿದ್ದು, ಪೆಂಡಿಂಗ್ ಎಂದರೆ ಸಂಪಾದಕರ ಒಪ್ಪಿಗೆಗೆ ಕಾದಿರುವುದು ಎಂದು ಒಂದೊಂದಕ್ಕೂ ನಾಲ್ಕು ಪದ ಬರೆಯಿರಿ. ಖಾಲಿ ಫಲಿತಾಂಶ ಬಂದಾಗ ಖಾಲಿ ಪಟ್ಟಿ ಕಳುಹಿಸಿ ಸುಮ್ಮನಾಗುವುದು ಬೇಡ. "ಡ್ರಾಫ್ಟ್‌ಗಳಲ್ಲಿ ಸಿಗಲಿಲ್ಲ, ಬೇರೆ ಸ್ಟೇಟಸ್‌ಗಳಲ್ಲಿ ಹುಡುಕಿಲ್ಲ" ಎನ್ನಲಿ.

ಹೊಸ ಪೋಸ್ಟ್ ಸೃಷ್ಟಿಸುವ ಟೂಲಿಗೆ ಅವಳಿ ಹುಟ್ಟಿಸುವ ಇನ್ನೊಂದು ದಾರಿಯಿದೆ. ಕರೆ ಟೈಮ್‌ಔಟ್ ಆಯಿತು, ಆದರೆ ಪೋಸ್ಟ್ ಆಗಲೇ ಸೇವ್ ಆಗಿತ್ತು. ಏಜೆಂಟ್ ಮತ್ತೆ ಕರೆಯಿತು. ಸ್ಲಗ್‌ನ ಕೊನೆಗೆ 2 ಅಂಟಿಕೊಂಡ ಪೋಸ್ಟ್‌ಗಳು ಕಂಡರೆ ಇದನ್ನೂ ಶಂಕಿಸಿ. "ಟೈಮ್‌ಔಟ್ ಆದರೆ ಮತ್ತೆ ಕರೆಯುವ ಮುನ್ನ ಅದೇ ಸ್ಲಗ್ ಇದೆಯೇ ನೋಡಿ" ಎಂಬ ವಾಕ್ಯವನ್ನು ವಿವರಣೆಯಲ್ಲೂ ಟೈಮ್‌ಔಟ್ ಎರರ್‌ನಲ್ಲೂ ಹಾಕಿ.

ಅಳಿಸುವುದು, ಮತ್ತು ಎರರ್ ಮೆಸೇಜ್ ಕೊಡುವ ಕುಮ್ಮಕ್ಕು

ಪೋಸ್ಟ್ ಅಳಿಸಿದರೆ ಅದು ಟ್ರ್ಯಾಶ್‌ಗೆ ಹೋಗುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಅಲ್ಲಿರುತ್ತದೆ. 'ಫೋರ್ಸ್' ಎಂಬ ಪ್ಯಾರಾಮೀಟರ್ ಕೊಟ್ಟರೆ ನೇರವಾಗಿ ಶಾಶ್ವತ ಅಳಿವು. ಮೀಡಿಯಾ ಫೈಲ್‌ಗಳಿಗೆ, ಟ್ಯಾಗ್ ಮತ್ತು ವರ್ಗಗಳಿಗೆ ಟ್ರ್ಯಾಶ್ ಇಲ್ಲ. ಅವನ್ನು ಫೋರ್ಸ್ ಇಲ್ಲದೆ ಅಳಿಸಹೊರಟರೆ ವರ್ಡ್‌ಪ್ರೆಸ್ ನಿರಾಕರಿಸುತ್ತದೆ. ನಿರಾಕರಿಸಿ ಸುಮ್ಮನಿರುವುದಿಲ್ಲ, ಇದಕ್ಕೆ ಟ್ರ್ಯಾಶ್ ಇಲ್ಲ, ಅಳಿಸಬೇಕಾದರೆ ಫೋರ್ಸ್ ಅನ್ನು ಟ್ರೂ ಮಾಡಿ ಎಂಬ ಅರ್ಥದ ಸಂದೇಶವನ್ನೂ ಕೊಡುತ್ತದೆ. ಪ್ರೋಗ್ರಾಮರಿಗೆ ಅದು ಒಳ್ಳೆಯ ಸಲಹೆ. ಕೊಟ್ಟ ಕೆಲಸ ಮುಗಿಸುವ ಹಟದಲ್ಲಿರುವ ಏಜೆಂಟಿಗೆ ಅದು ಅಪ್ಪಣೆ. ಮುಂದಿನ ಕರೆಯಲ್ಲೇ ಫೋರ್ಸ್ ಹಚ್ಚುತ್ತದೆ, ಫೋಟೊ ಸರ್ವರಿನಿಂದಲೇ ಹೋಗುತ್ತದೆ, ಅದನ್ನು ಬಳಸಿದ್ದ ಲೇಖನಗಳಲ್ಲಿ ಮುರಿದ ಚಿತ್ರ ಉಳಿಯುತ್ತದೆ.

ಎರರ್ ಸಂದೇಶವೂ ವಿವರಣೆಯ ಭಾಗವೇ, ಅದೂ ಏಜೆಂಟ್ ಅತ್ಯಂತ ಗಮನವಿಟ್ಟು ಓದುವ ಭಾಗ. ಕೆಳಗಿನ ಪದರದ ಸಂದೇಶವನ್ನು ಹಸಿಹಸಿಯಾಗಿ ದಾಟಿಸಬೇಡಿ. "ಮೀಡಿಯಾ ಅಳಿಸಿದರೆ ಮರಳಿ ಬರುವುದಿಲ್ಲ. ಈ ಫೈಲ್ 4 ಪೋಸ್ಟ್‌ಗಳಲ್ಲಿದೆ. ಬಳಕೆದಾರರನ್ನು ಕೇಳದೆ ಮುಂದುವರಿಯಬೇಡಿ" ಎಂದು ನೀವೇ ಬರೆದು ಕಳುಹಿಸಿ. ಶಾಶ್ವತ ಅಳಿವನ್ನು ಪೋಸ್ಟ್ ಟೂಲಿನ ಪ್ಯಾರಾಮೀಟರ್ ಆಗಿ ಇಡಲೇಬಾರದು ಎನ್ನುವುದು ನನ್ನ ಪಕ್ಷ. ಅದು ಬೇರೆ ಟೂಲಾಗಿರಲಿ, ಬೇರೆ ಅನುಮತಿ ಕೇಳಲಿ. ಇನ್ನೂ ಒಳ್ಳೆಯದೆಂದರೆ ಏಜೆಂಟಿನ ಕೈಗೇ ಸಿಗದಿರಲಿ. "ಆ ಹಳೇ ಪುಟ ತೆಗೆದುಬಿಡಿ" ಎನ್ನುವ ಸೈಟ್ ಮಾಲೀಕರ ಮನಸ್ಸಿನಲ್ಲಿ ಮೆನುವಿನಿಂದ ತೆಗೆಯುವುದಿರಬಹುದು, ಡ್ರಾಫ್ಟಿಗೆ ಇಳಿಸುವುದಿರಬಹುದು. 'ಟ್ರ್ಯಾಶ್ ಪೋಸ್ಟ್' ವಿವರಣೆಯಲ್ಲಿ "ಕೇವಲ ಓದುಗರಿಂದ ಮರೆಮಾಡಬೇಕಿದ್ದರೆ 'ಅನ್‌ಪಬ್ಲಿಷ್ ಪೋಸ್ಟ್' ಬಳಸಿ, ಯಾವುದೆಂದು ಸ್ಪಷ್ಟವಿಲ್ಲದಿದ್ದರೆ ಕೇಳಿ" ಎಂದಿದ್ದರೆ ಮುಂದಿನ ರಗಳೆ ತಪ್ಪುತ್ತದೆ.

ಸದ್ದಿಲ್ಲದ ಸೋಲುಗಳನ್ನೂ ಉತ್ತರದಲ್ಲಿ ಹೇಳಿಸಬೇಕು. ಏಜೆಂಟಿಗೆ ಆಥರ್ ಮಟ್ಟದ ಖಾತೆ ಕೊಟ್ಟಿದ್ದರೆ, ಅದು ಬರೆದ ಪಠ್ಯದಿಂದ ಐಫ್ರೇಮ್ (ಹೊರಗಿನ ವಿಡಿಯೊ ಮುಂತಾದವನ್ನು ಪುಟದಲ್ಲಿ ಕೂರಿಸುವ ಟ್ಯಾಗ್) ಮತ್ತು ಸ್ಕ್ರಿಪ್ಟ್ ಟ್ಯಾಗ್‌ಗಳನ್ನು ವರ್ಡ್‌ಪ್ರೆಸ್ ಸೋಸಿ ತೆಗೆಯುತ್ತದೆ, ಎರರ್ ಇಲ್ಲದೆ. ವಿಡಿಯೊ ಹಾಕಿದೆ ಎಂದು ಏಜೆಂಟ್ ಹೇಳುತ್ತದೆ, ಪುಟದಲ್ಲಿ ವಿಡಿಯೊ ಇರುವುದಿಲ್ಲ. ಕಳುಹಿಸಿದ್ದನ್ನೂ ಸೇವ್ ಆದದ್ದನ್ನೂ ನಿಮ್ಮ ಕೋಡ್ ಹೋಲಿಸಿ "1 ಐಫ್ರೇಮ್ ತೆಗೆದುಹಾಕಲಾಗಿದೆ, ಈ ಖಾತೆಗೆ ಅದರ ಅನುಮತಿಯಿಲ್ಲ" ಎಂದು ಉತ್ತರದಲ್ಲಿ ಸೇರಿಸಲಿ. ಕ್ಯಾಶೆಯದ್ದು (ಪುಟ ಬೇಗ ತೆರೆಯಲೆಂದು ಇಟ್ಟುಕೊಂಡ ಪ್ರತಿ) ಇದರ ತಿರುಗುಮುರುಗು ಕಥೆ. ಬದಲಾವಣೆ ಆಗಿರುತ್ತದೆ, ಸಾರ್ವಜನಿಕ ಪುಟ ಹಳೆಯದನ್ನೇ ತೋರಿಸುತ್ತಿರುತ್ತದೆ, ಏಜೆಂಟ್ ಅದನ್ನು ನೋಡಿ ಮತ್ತೆ ಮತ್ತೆ ಬರೆಯುತ್ತದೆ. ಬದಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು 'ಗೆಟ್ ಪೋಸ್ಟ್ ಫಾರ್ ಎಡಿಟ್' ನೋಡಬೇಕು, ಪುಟವನ್ನಲ್ಲ ಎಂದು ವಿವರಣೆಯಲ್ಲಿ ಬರೆದರೆ ಈ ಸುತ್ತು ನಿಲ್ಲುತ್ತದೆ.

ಬೆಳಿಗ್ಗೆ ಆರು ಗಂಟೆ ಎಂದರೆ ಯಾವ ಆರು?

ಪೋಸ್ಟಿಗೆ ಎರಡು ದಿನಾಂಕದ ಫೀಲ್ಡ್ ಇವೆ: 'ಡೇಟ್' ಸೈಟಿನ ಟೈಮ್‌ಝೋನ್‌ನಲ್ಲಿ, 'ಡೇಟ್ ಜಿಎಂಟಿ' ಜಿಎಂಟಿಯಲ್ಲಿ. ಏಜೆಂಟ್ 06:00 ಎಂಬುದನ್ನು ಎರಡನೆಯದರಲ್ಲಿ ಹಾಕಿದರೆ ಬೆಳಗಿನ ಸುದ್ದಿ ನಮ್ಮಲ್ಲಿ 11:30ಕ್ಕೆ ಹೊರಬರುತ್ತದೆ. ಸೈಟಿನ ಸೆಟ್ಟಿಂಗ್ ಯುಟಿಸಿಯಲ್ಲೇ (ಜಿಎಂಟಿಗೆ ಸಮ) ಉಳಿದುಬಿಟ್ಟಿದ್ದರೆ ಮೊದಲನೆಯದರಲ್ಲಿ ಹಾಕಿದರೂ ಅದೇ ಗತಿ. ಏಜೆಂಟಿಗೆ ಒಂದೇ ಫೀಲ್ಡ್ ಕೊಡಿ, ಆಫ್‌ಸೆಟ್ (ಜಿಎಂಟಿಯಿಂದ ಇರುವ ವ್ಯತ್ಯಾಸ) ಸಮೇತ ಬರೆಯುವುದನ್ನು ಕಡ್ಡಾಯ ಮಾಡಿ, ಪ್ಯಾರಾಮೀಟರ್ ವಿವರಣೆಯಲ್ಲೇ +05:30 ಇರುವ ಪೂರ್ತಿ ಉದಾಹರಣೆ ಒಂದನ್ನು ಇಡಿ. ಆಫ್‌ಸೆಟ್ ಇಲ್ಲದ ಸಮಯವನ್ನು ಕೋಡ್ ತಿರಸ್ಕರಿಸಲಿ. ಉತ್ತರದಲ್ಲಿ ಭಾರತೀಯ ಕಾಲಮಾನದಲ್ಲಿ ಯಾವಾಗ ಪ್ರಕಟವಾಗುತ್ತದೆ ಎಂದು ಮರಳಿ ಹೇಳಿಸಿ. ತಪ್ಪಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ವರ್ಡ್‌ಪ್ರೆಸ್ಸಿನ ಗಡಿಯಾರ ಯಾರಾದರೂ ಸೈಟಿಗೆ ಬಂದಾಗ ಮಾತ್ರ ಓಡುವಂಥದ್ದು. ಸರ್ವರ್ ಕಡೆಯಿಂದ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಹಾಕದ, ಓಡಾಟ ಕಡಿಮೆಯಿರುವ ಸೈಟಿನಲ್ಲಿ ಗೊತ್ತುಮಾಡಿದ ಪೋಸ್ಟ್ ಕೆಲವು ನಿಮಿಷ ತಡವಾದರೆ ಏಜೆಂಟ್ ಗಾಬರಿಬಿದ್ದು ಮತ್ತೊಂದನ್ನು ಪ್ರಕಟಿಸದಂತೆ ಇದನ್ನೂ ಒಂದು ಸಾಲಿನಲ್ಲಿ ಹೇಳಿ.

ಕನ್ನಡ ಸೈಟುಗಳಿಗೇ ಇರುವ ಎರಡು ತೊಡಕು

ಸ್ಲಗ್ ಇಡುವ ಕಾಲಂ 200 ಅಕ್ಷರದ್ದು. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್. ಪರ್ಸೆಂಟ್ ಎನ್‌ಕೋಡಿಂಗ್ ಆದಾಗ, ಅಂದರೆ ವೆಬ್ ವಿಳಾಸಕ್ಕಾಗಿ ಪ್ರತಿ ಬೈಟನ್ನು % ಜೊತೆ ಎರಡು ಅಕ್ಷರವಾಗಿ ಬರೆದಾಗ, 9 ಅಕ್ಷರ. ಸ್ವರಚಿಹ್ನೆ, ಅನುಸ್ವಾರ, ಹಲಂತಗಳೂ ಲೆಕ್ಕಕ್ಕೆ ಬರುವುದರಿಂದ ಒಂದು ಸ್ಲಗ್‌ನಲ್ಲಿ ಹಿಡಿಯುವುದು ಸುಮಾರು 22 ಚಿಹ್ನೆ. 'ಬೆಂಗಳೂರಿನ ಕೆರೆಗಳ ಇತಿಹಾಸ' ಎಂಬ ಶೀರ್ಷಿಕೆ 21 ಚಿಹ್ನೆ ಮತ್ತು ಎರಡು ಅಡ್ಡಗೆರೆ ಸೇರಿ 191ಕ್ಕೆ ನಿಲ್ಲುತ್ತದೆ. ನಾಲ್ಕನೆಯ ಪದ ಬಂದರೆ ಅದರ ಒಂದಕ್ಷರವೂ ಸ್ಲಗ್‌ನಲ್ಲಿ ಉಳಿಯುವುದಿಲ್ಲ. ಹಾಗಾಗಿ 'ಬೆಂಗಳೂರಿನ ಕೆರೆಗಳ ಇತಿಹಾಸ ಭಾಗ ಒಂದು', 'ಭಾಗ ಎರಡು' ಎರಡಕ್ಕೂ ಒಂದೇ ಸ್ಲಗ್ ಹುಟ್ಟಿ, ಎರಡನೆಯದಕ್ಕೆ ಸಂಖ್ಯೆ ಅಂಟುತ್ತದೆ. ತಾನು ಕಳುಹಿಸಿದ ಸ್ಲಗ್‌ನಿಂದಲೇ ಪೋಸ್ಟ್ ಹುಡುಕುವ ಏಜೆಂಟಿಗೆ ಅದು ಸಿಗುವುದಿಲ್ಲ. ರೋಮನ್ ಲಿಪಿಯಲ್ಲಿ 60 ಅಕ್ಷರದೊಳಗಿನ ಸ್ಲಗ್ ಬೇಕು ಎಂದು ಪ್ಯಾರಾಮೀಟರಿನಲ್ಲಿ ಬರೆದು, ಸ್ಕೀಮಾದ ಪ್ಯಾಟರ್ನ್‌ನಿಂದ ಅದನ್ನೇ ಬಿಗಿಮಾಡಿ. ಕನ್ನಡ ವಿಳಾಸವೇ ಇರಲಿ ಎನ್ನುವವರು 20 ಚಿಹ್ನೆಯ ಮಿತಿ ಹಾಕಿ, ನಿಜವಾಗಿ ಸೇವ್ ಆದ ಸ್ಲಗ್ ಅನ್ನು ಉತ್ತರದಲ್ಲಿ ಕೊಡಿ.

ಎರಡನೆಯದು ಹುಡುಕಿ ಬದಲಿಸುವ ಟೂಲ್. ಇಡೀ ಪಠ್ಯ ಕಳುಹಿಸುವುದಕ್ಕಿಂತ 'ಈ ವಾಕ್ಯದ ಬದಲು ಈ ವಾಕ್ಯ' ಎಂಬ ಟೂಲ್ ಕೊಡುವುದು ಜಾಣತನ, ಅದರಲ್ಲೂ ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನು ಅಳೆಯುವ ತುಣುಕು) ತಿನ್ನುವಾಗ. ಆದರೆ ಕಣ್ಣಿಗೆ ಒಂದೇ ಕಾಣುವ ಪದ ಬೈಟ್‌ಗಳಲ್ಲಿ ಒಂದೇ ಇರಬೇಕಿಲ್ಲ. 'ಬ್ಯಾಂಕ್‌ನಲ್ಲಿ' ಎಂಬ ಪದದ ನಡುವೆ ಶೂನ್ಯ ಅಗಲದ ಒಂದು ಕಾಣದ ಅಕ್ಷರವಿದೆ. ಏಜೆಂಟ್ ಮರಳಿ ಬರೆಯುವಾಗ ಅದು ಬಿದ್ದುಹೋಗಬಹುದು. 'ಕೊ' ಎಂಬಲ್ಲಿನ ಒಕಾರ ಒಂದೇ ಚಿಹ್ನೆಯಾಗಿರಬಹುದು, ಎರಡು ಚಿಹ್ನೆಗಳ ಜೋಡಣೆಯಾಗಿಯೂ ಇರಬಹುದು. ಅಕ್ಷರಶಃ ಹೋಲಿಸುವ ಕೋಡ್ 'ಸಿಗಲಿಲ್ಲ' ಎನ್ನುತ್ತದೆ, ಏಜೆಂಟ್ ಇಡೀ ಪಠ್ಯವನ್ನೇ ಹೊಸದಾಗಿ ಬರೆಯಲು ಹೊರಡುತ್ತದೆ. ಹೋಲಿಕೆಗೆ ಮುನ್ನ ಎರಡೂ ಕಡೆ ಎನ್‌ಎಫ್‌ಸಿ (ಜೋಡಿ ಚಿಹ್ನೆಗಳನ್ನು ಒಂದೇ ಬಗೆಯಲ್ಲಿ ಬರೆಯುವ ಯುನಿಕೋಡ್ ನಿಯಮ) ರೂಪಕ್ಕೆ ತರಬೇಕು. ಆ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲವಾದ್ದರಿಂದ ಹೋಲಿಕೆಯ ಮಟ್ಟಿಗೆ ಅದನ್ನು ಬೇರೆಯಾಗಿ ಕಡೆಗಣಿಸಬೇಕು. ವಿವರಣೆಯಲ್ಲಿ ಬರೆಯಬೇಕಾದದ್ದು ಇಷ್ಟೇ: ಹುಡುಕುವ ತುಣುಕು ಪಠ್ಯದಲ್ಲಿ ಒಂದೇ ಕಡೆ ಬರಬೇಕು, ಎರಡು ಕಡೆ ಬಂದರೆ ಏನೂ ಬದಲಾಗುವುದಿಲ್ಲ, ಇನ್ನಷ್ಟು ಅಕ್ಕಪಕ್ಕದ ಪದ ಸೇರಿಸಿ ಮತ್ತೆ ಕರೆಯಬೇಕು.

ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕೇ? ಇಲ್ಲಿ ಉದಾಹರಣೆಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ಆದರೆ ಕೋಡಿನಲ್ಲಿ ಇಂಗ್ಲಿಷನ್ನೇ ಆರಿಸಿಕೊಳ್ಳುತ್ತೇನೆ. ಫೀಲ್ಡ್ ಹೆಸರು, ಎರರ್, ಈನಮ್ ಎಲ್ಲ ಇಂಗ್ಲಿಷ್, ಜೊತೆಗೆ ಪ್ರತಿ ಸಂಭಾಷಣೆಗೂ ಈ ವಿವರಣೆಗಳ ಟೋಕನ್ ಖರ್ಚಿದೆ. ಅದರೊಳಗೆ "ಸೈಟಿನ ಪಠ್ಯ ಕನ್ನಡದಲ್ಲಿದೆ, ಶೀರ್ಷಿಕೆ, ಟ್ಯಾಗ್, ಚಿತ್ರದ ಆಲ್ಟ್ ಪಠ್ಯ ಕನ್ನಡದಲ್ಲೇ ಇರಬೇಕು" ಎಂಬ ಮಾತು ಮರೆಯದೆ ಇರಲಿ. ಇಲ್ಲದಿದ್ದರೆ ಆಲ್ಟ್ ಪಠ್ಯ (ಚಿತ್ರ ಕಾಣದವರಿಗೆ ಅದನ್ನು ಬಣ್ಣಿಸುವ ಮಾತು) ಸದ್ದಿಲ್ಲದೆ ಇಂಗ್ಲಿಷಿಗೆ ಜಾರುತ್ತದೆ. ದೊಡ್ಡಕ್ಷರದಲ್ಲಿ ಕಿರುಚುವ ಎಚ್ಚರಿಕೆಗಳು ಬೇಡ. ಹತ್ತು ಟೂಲ್‌ಗಳೂ ಕಿರುಚಿದರೆ ಯಾವುದರ ಮಾತಿಗೂ ತೂಕವಿರುವುದಿಲ್ಲ.

ಬೀಗ ಬೇರೆ ಕಡೆ ಇರಲಿ

ಎಂಸಿಪಿಯಲ್ಲಿ ಟೂಲಿಗೆ ಕೆಲವು ಗುರುತು ಹಚ್ಚಬಹುದು: ಬರೀ ಓದುವಂಥದ್ದು, ಹಾನಿ ಮಾಡಬಲ್ಲದ್ದು, ಎರಡು ಸಲ ಕರೆದರೂ ಒಂದೇ ಫಲ ಕೊಡುವಂಥದ್ದು. ಏನೂ ಹಚ್ಚದಿದ್ದರೆ ಟೂಲ್ ಬರೆಯುವಂಥದ್ದು, ಹಾನಿ ಮಾಡಬಲ್ಲದ್ದು ಎಂದೇ ಭಾವಿಸಬೇಕೆಂಬುದು ನಿಯಮ. ಹಾಗಾಗಿ ಓದುವ ಟೂಲ್‌ಗಳಿಗೆ ಗುರುತು ಹಚ್ಚದೆ ಬಿಟ್ಟರೆ ಹೆಜ್ಜೆಹೆಜ್ಜೆಗೂ ಒಪ್ಪಿಗೆ ಕೇಳುವ ಕ್ಲೈಂಟ್‌ಗಳು ಸಿಗುತ್ತವೆ. ಬೇಸತ್ತ ಬಳಕೆದಾರರು ಎಲ್ಲಕ್ಕೂ 'ಸರಿ' ಒತ್ತಲು ಶುರುಮಾಡುತ್ತಾರೆ. ಗುರುತುಗಳು ಸುಳಿವು ಮಾತ್ರ, ವಿವರಣೆಯೂ ಅಷ್ಟೇ. "ಪ್ರಕಟಿಸಬಾರದು" ಎಂದು ಬರೆದರೆ ಏಜೆಂಟ್ ಬಹುತೇಕ ಸಲ ಪಾಲಿಸುತ್ತದೆ. ಎಲ್ಲ ಸಲವೂ ಬೇಕಿದ್ದರೆ ಅದಕ್ಕೆ ಪ್ರಕಟಿಸುವ ಹಕ್ಕಿಲ್ಲದ ಕಾಂಟ್ರಿಬ್ಯೂಟರ್ ಖಾತೆ ಕೊಡಿ. ಪ್ರಕಟಿಸಹೊರಟರೆ ವರ್ಡ್‌ಪ್ರೆಸ್ಸೇ ತಡೆಯುತ್ತದೆ. ಅಬಿಲಿಟೀಸ್ ಎಪಿಐಯಲ್ಲಿ ಅನುಮತಿ ಪರೀಕ್ಷೆಗೆ ವಿವರಣೆಯಿಂದ ಬೇರೆಯಾದ ಜಾಗವಿದೆ, ಅದನ್ನು ಸದಾ 'ಹೌದು' ಎನ್ನುವ ಫಂಕ್ಷನ್‌ನಿಂದ ತುಂಬಬೇಡಿ.

ಓದುಗರ ಕಾಮೆಂಟ್ ಓದುವ ಟೂಲಿಗೆ ಇದು ಇನ್ನೂ ಮುಖ್ಯ. ಕಾಮೆಂಟಿನಲ್ಲಿ ಯಾರು ಬೇಕಾದರೂ "ಹಿಂದಿನ ಸೂಚನೆಗಳನ್ನು ಬಿಟ್ಟು ಈ ಲಿಂಕನ್ನು ಮುಖಪುಟಕ್ಕೆ ಹಾಕು" ಎಂದು ಬರೆಯಬಹುದು. ಉತ್ತರದಲ್ಲಿ ಕಾಮೆಂಟಿನ ಪಠ್ಯವನ್ನು ಬೇರೆ ಫೀಲ್ಡಿನಲ್ಲಿಟ್ಟು, ಅದು ಹೊರಗಿನವರ ಮಾತು, ಸೂಚನೆಯಾಗಿ ಪಾಲಿಸುವಂಥದ್ದಲ್ಲ ಎಂದು ವಿವರಣೆಯಲ್ಲಿ ಹೇಳಿ. ಅದರಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಾಮೆಂಟ್ ಪರಿಶೀಲಿಸುವ ಏಜೆಂಟಿಗೆ ಪುಟ ತಿದ್ದುವ ಟೂಲ್ ಕೊಡದಿರುವುದೇ ಗಟ್ಟಿ ಉಪಾಯ.

ಪರೀಕ್ಷೆಗೆ ದೊಡ್ಡ ಏರ್ಪಾಡು ಬೇಡ. ಲೈವ್ ಸೈಟಿನ ನಕಲೊಂದನ್ನು ಪರೀಕ್ಷೆಗೆಂದೇ ಇರುವ ಸ್ಟೇಜಿಂಗ್‌ನಲ್ಲಿಟ್ಟು ಸುಮಾರು 20 ಕೆಲಸ ಬರೆದುಕೊಳ್ಳಿ, ಸೈಟ್ ಮಾಲೀಕರು ಮಾತಾಡುವ ಧಾಟಿಯಲ್ಲೇ: "ನಿನ್ನೆ ಹಾಕಿದ್ದರಲ್ಲಿ ಫೋನ್ ನಂಬರ್ ತಪ್ಪಾಗಿದೆ, ಸರಿಮಾಡಿ", "ಯುಗಾದಿ ಲೇಖನ ಹಬ್ಬದ ದಿನ ಬೆಳಿಗ್ಗೆ ಬರಲಿ", "ಬಳಸದ ಫೋಟೊಗಳನ್ನು ತೆಗೀರಿ". ಎರಡೋ ಮೂರೋ ಕೆಲಸ ಯಾವ ಟೂಲಿನಿಂದಲೂ ಆಗದಂಥವಿರಲಿ, ಏಜೆಂಟ್ ಆಗ ನಿಲ್ಲುತ್ತದೆಯೋ ಅಡ್ಡದಾರಿ ಹಿಡಿಯುತ್ತದೆಯೋ ಗೊತ್ತಾಗುತ್ತದೆ. ಕೊನೆಯ ಉತ್ತರ ನೋಡಿ ತೃಪ್ತರಾಗದೆ ಯಾವ ಟೂಲನ್ನು ಯಾವ ಬೆಲೆಗಳೊಂದಿಗೆ ಕರೆಯಿತು ಎಂಬ ಲಾಗ್ ಓದಿ. ತಪ್ಪು ಟೂಲ್ ಹಿಡಿದಿದ್ದರೆ ವಿವರಣೆ ತಿದ್ದಿ. ಸರಿಯಾದ ಟೂಲ್, ತಪ್ಪು ಬೆಲೆ ಆಗಿದ್ದರೆ ಪ್ಯಾರಾಮೀಟರ್ ಮತ್ತು ಸ್ಕೀಮಾ ನೋಡಿ. ಒಂದೇ ಕರೆಯನ್ನು ಮೂರು ಸಲ ಮಾಡಿದ್ದರೆ ಬಹುಪಾಲು ಎರರ್ ಸಂದೇಶದ್ದೇ ತಪ್ಪು. ಒಂದು ಸಲಕ್ಕೆ ಒಂದೇ ವಿವರಣೆ ತಿದ್ದಿ 20ನ್ನೂ ಮತ್ತೆ ಓಡಿಸಿ, ಏಕೆಂದರೆ 'ಅನ್‌ಪಬ್ಲಿಷ್ ಪೋಸ್ಟ್' ವಿವರಣೆ ಸುಧಾರಿಸಿದಾಗ 'ಟ್ರ್ಯಾಶ್ ಪೋಸ್ಟ್'ಗೆ ಹೋಗಬೇಕಿದ್ದ ಕೆಲಸವೂ ಅದರ ಕಡೆ ವಾಲಿರಬಹುದು.